ಸಾಯದ ಮಕ್ಕಳ ಲೆಕ್ಕ ಇಟ್ಟ ಡಾಕ್ಟರ್

ಬಿಇ ಓದುವವರಿಗೆ ‘ಬ್ಯಾಕ್’ ಅಂದರೇನು ಎಂದು ವಿವರಿಸಬೇಕಾಗಿಲ್ಲ. ಒಂದು ವಿಷಯ ಉಳಿದುಬಿಟ್ಟರೆ ಸಾಕು, ಮನೆಯಲ್ಲಿ ಹೇಗೆ ಹೇಳುವುದು, ಪ್ಲೇಸ್‌ಮೆಂಟ್‌ಗೆ ಕೂರಲು ಬಿಡುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲೇ ರಜೆ ಮುಗಿದುಹೋಗುತ್ತದೆ. 1890ರ ದಶಕದಲ್ಲಿ ನ್ಯೂಯಾರ್ಕ್‌ನ ಒಂದು ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳಿಗೂ ಹೀಗೆಯೇ ಒಂದು ವಿಷಯ ಬ್ಯಾಕ್ ಆಗಿತ್ತು. ಅದು ಯಾವ ದೊಡ್ಡ ಕಾಯಿಲೆಯ ಪಾಠವೂ ಅಲ್ಲ. ಆರೋಗ್ಯವಾಗಿರುವ ಮಗು ಹೇಗಿರುತ್ತದೆ ಎಂಬ ಪಾಠ. ರೋಗ ವಾಸಿ ಮಾಡಲು ಕಲಿಯಬೇಕೆಂದು ಬಂದವಳಿಗೆ ಚೆನ್ನಾಗಿರುವ ಮಗುವಿನ ಬಗ್ಗೆ ಓದುವುದು ಬೇಸರ ತಂದಿತ್ತು. ಫೇಲಾದ ಮೇಲೆ ಹಟ ಹಿಡಿದು ಅದನ್ನೇ ಓದಿದಳು. ಅವಳ ಹೆಸರು ಸಾರಾ ಜೋಸೆಫೀನ್ ಬೇಕರ್.

ನನಗೆ ಬೇಕರ್ ಸಿಕ್ಕಿದ್ದು ‘ಟೈಫಾಯ್ಡ್ ಮೇರಿ’ಯ ಕಥೆ ಓದುವಾಗ. ಆ ಕಥೆಯಲ್ಲಿ ಇವರದು ಪುಟ್ಟ ಪಾತ್ರ. ಆದರೆ ಪುಟ್ಟ ಪಾತ್ರದ ಬೆನ್ನು ಹತ್ತಿ ಹೋದರೆ ಅಲ್ಲಿ ಬೇರೆಯೇ ದೊಡ್ಡ ಕಥೆಯಿತ್ತು.

ಬೇಕರ್ ಹುಟ್ಟಿದ್ದು 1873ರಲ್ಲಿ, ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಎಂಬ ಊರಿನ ಅನುಕೂಲಸ್ಥ ಮನೆಯಲ್ಲಿ. ತಂದೆ ವಕೀಲರು. ಬೇಕರ್‌ಗೆ ಹದಿನಾರು ವರ್ಷವಾಗಿದ್ದಾಗ ತಂದೆ ಟೈಫಾಯ್ಡ್‌ನಿಂದ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ತಮ್ಮನೂ ಹೋಗಿದ್ದ. ಮನೆಯ ಸ್ಥಿತಿ ಒಮ್ಮೆಲೇ ಕುಸಿಯಿತು. ತಾಯಿ, ಅಕ್ಕನನ್ನು ತಾನೇ ನೋಡಿಕೊಳ್ಳಬೇಕು, ಅದಕ್ಕೆ ದುಡಿಮೆ ಬೇಕು ಎಂದುಕೊಂಡು ವಾಸರ್ ಎಂಬ ಹೆಸರಾಂತ ಕಾಲೇಜಿಗೆ ಸೇರುವ ಆಸೆ ಬಿಟ್ಟು ಡಾಕ್ಟರಾಗುವ ತೀರ್ಮಾನ ಮಾಡಿದರು. ಮನೆಯವರಿಗೆ ಇದು ಹುಚ್ಚಾಟದಂತೆ ಕಂಡಿತು. ಆದರೂ 1898ರಲ್ಲಿ ಹದಿನೆಂಟು ಜನರ ತರಗತಿಯಲ್ಲಿ ಎರಡನೆಯವರಾಗಿ ಪದವಿ ಪಡೆದರು.

ಡಿಗ್ರಿ ಬಂತು, ದುಡ್ಡು ಬರಲಿಲ್ಲ. ನ್ಯೂಯಾರ್ಕ್‌ನಲ್ಲಿ ಕ್ಲಿನಿಕ್ ತೆರೆದ ಮೊದಲ ವರ್ಷ ಅವರ ಒಟ್ಟು ಗಳಿಕೆ 185 ಡಾಲರ್. ಹೆಂಗಸು ಡಾಕ್ಟರ್ ಹತ್ತಿರ ಬರುವವರೇ ಕಡಿಮೆ. ಆಗ ಅವರು ಮಾಡಿದ್ದು ಇಂದು ನಮ್ಮಲ್ಲಿ ಲಕ್ಷಗಟ್ಟಲೆ ಜನ ಮಾಡುತ್ತಿರುವುದನ್ನೇ: ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬರೆದರು. 1901ರಲ್ಲಿ ನಗರದ ಆರೋಗ್ಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿತು. ಶಾಲೆಗಳಿಗೆ ಹೋಗಿ ಕಾಯಿಲೆ ಮಕ್ಕಳನ್ನು ಗುರುತಿಸಬೇಕು, ಸಂಬಳ ತಿಂಗಳಿಗೆ 30 ಡಾಲರ್. ಆದರ್ಶಕ್ಕೆಂದು ಸೇರಿದ ಕೆಲಸವಲ್ಲ, ಬಾಡಿಗೆ ಕಟ್ಟಲು ಸೇರಿದ್ದು. ಅವರು ಇದನ್ನು ಮುಚ್ಚಿಡಲಿಲ್ಲ ಎಂಬುದೇ ನನಗೆ ಹಿಡಿಸಿತು.

1902ರ ಬೇಸಿಗೆಯಲ್ಲಿ ಅವರನ್ನು ಹೆಲ್ಸ್ ಕಿಚನ್ ಎಂಬ ಬಡಾವಣೆಗೆ ಹಾಕಿದರು. ಅಲ್ಲಿನ ಬೇಸಿಗೆ ಅಂದರೆ ಜೂನ್‌ನಿಂದ ಆಗಸ್ಟ್. ಒಂದಕ್ಕೊಂದು ಅಂಟಿದ ಐದಾರು ಅಂತಸ್ತಿನ ವಟಾರಗಳು, ಕಿಟಕಿ ಇಲ್ಲದ ಕೋಣೆಗಳು, ಒಂದೊಂದು ಕೋಣೆಯಲ್ಲೂ ಇಡೀ ಸಂಸಾರ. ಫ್ರಿಜ್ ಇಲ್ಲದ ಕಾಲ. ಹಳ್ಳಿಯಿಂದ ಬಂದ ಹಾಲು ಅಂಗಡಿಯ ತೆರೆದ ಕ್ಯಾನಿನಲ್ಲಿ ನಿಂತು ನಿಂತು ಹಾಳಾಗುತ್ತಿತ್ತು, ಅದನ್ನೇ ಕೂಸಿಗೆ ಕುಡಿಸುತ್ತಿದ್ದರು. ವಾಂತಿ ಭೇದಿ ಶುರುವಾದರೆ ಕೂಸು ಉಳಿಯುತ್ತಿದ್ದುದು ಅಪರೂಪ. ಬೇಸಿಗೆಯಲ್ಲಿ ನಗರದಲ್ಲಿ ವಾರಕ್ಕೆ 1500 ಮಕ್ಕಳು ಸಾಯುತ್ತಿದ್ದರು ಎಂದು ಬೇಕರ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮೆಟ್ಟಿಲು ಹತ್ತಿ ಇಳಿದು ಮನೆ ಮನೆ ತಿರುಗಿದ ಅವರಿಗೆ ಎರಡು ವಿಷಯ ಗೊತ್ತಾಯಿತು. ಕಾಯಿಲೆ ಬಿದ್ದ ಮೇಲೆ ಡಾಕ್ಟರ್ ಹೋಗಿ ಮಾಡುವುದು ಏನೂ ಉಳಿದಿರುವುದಿಲ್ಲ. ಇನ್ನೊಂದು, ತಾಯಂದಿರು ಇದನ್ನು ವಿಧಿ ಎಂದು ಒಪ್ಪಿಕೊಂಡುಬಿಟ್ಟಿದ್ದರು. ಬೇಸಿಗೆ ಬಂದರೆ ಕೂಸು ಹೋಗುತ್ತದೆ, ಅಷ್ಟೇ.

ಟೈಫಾಯ್ಡ್ ಮೇರಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೇರಿ ಮ್ಯಾಲನ್ ಅಡುಗೆಯವಳು. ಅವಳಿಗೆ ಕಾಯಿಲೆಯ ಲಕ್ಷಣವಿಲ್ಲ, ಆದರೆ ಅವಳು ಅಡುಗೆ ಮಾಡಿದ ಮನೆಯವರಿಗೆ ಟೈಫಾಯ್ಡ್ ಬರುತ್ತಿತ್ತು. 1907ರಲ್ಲಿ ಅವಳನ್ನು ಪರೀಕ್ಷೆಗೆ ಕರೆತರಲು ಇಲಾಖೆ ಬೇಕರ್ ಅವರನ್ನು ಕಳಿಸಿತು. ಮೇರಿ ಅಡುಗೆಮನೆಯ ದೊಡ್ಡ ಫೋರ್ಕ್ ಹಿಡಿದು ಮೈಮೇಲೆ ಬಂದು, ಆಮೇಲೆ ತಪ್ಪಿಸಿಕೊಂಡು ಬಚ್ಚಿಟ್ಟುಕೊಂಡಳು. ಪೊಲೀಸರೊಂದಿಗೆ ಗಂಟೆಗಟ್ಟಲೆ ಹುಡುಕಿದ ಮೇಲೆ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಅವಳ ಬಟ್ಟೆಯ ತುದಿ ಕಣ್ಣಿಗೆ ಬಿತ್ತು. ಆಸ್ಪತ್ರೆ ತಲುಪುವವರೆಗೂ ಆಂಬುಲೆನ್ಸ್‌ನಲ್ಲಿ ಬೇಕರ್ ಅವಳ ಮೇಲೆ ಕುಳಿತೇ ಇದ್ದರಂತೆ. ಸಿನಿಮಾಕ್ಕೆ ಹೇಳಿ ಮಾಡಿಸಿದ ದೃಶ್ಯ. ಅದಕ್ಕೇ ಜಗತ್ತು ಇದನ್ನು ನೆನಪಿಟ್ಟುಕೊಂಡು, ಮರುವರ್ಷ ಅವರು ಮಾಡಿದ್ದನ್ನು ಮರೆತಿದೆ.

ಮರುವರ್ಷ, ಅಂದರೆ 1908ರ ಬೇಸಿಗೆ. ಶಾಲೆಗಳಿಗೆ ರಜೆ. ಶಾಲಾ ಆರೋಗ್ಯ ತಪಾಸಣೆಯ ನರ್ಸ್‌ಗಳಿಗೆ ಕೆಲಸವಿಲ್ಲ. ಅವರಲ್ಲಿ ಮೂವತ್ತು ಜನರನ್ನು ಬೇಕರ್ ಕೇಳಿ ಪಡೆದರು. ಮ್ಯಾನ್‌ಹಟನ್‌ನ ಲೋವರ್ ಈಸ್ಟ್ ಸೈಡ್‌ನಲ್ಲಿ ಇಟಲಿಯಿಂದ ವಲಸೆ ಬಂದವರು ತುಂಬಿದ್ದ, ಮಕ್ಕಳ ಸಾವು ಬಹಳ ಹೆಚ್ಚಿದ್ದ ಒಂದು ಪ್ರದೇಶವನ್ನು ಆರಿಸಿಕೊಂಡರು. ಪ್ರತಿದಿನ ನಗರದ ಜನನ ನೋಂದಣಿ ಕಚೇರಿಯಿಂದ ಹಿಂದಿನ ದಿನ ಹುಟ್ಟಿದ ಮಕ್ಕಳ ವಿಳಾಸ ತರಿಸುವುದು, ಅದೇ ದಿನ ನರ್ಸ್ ಆ ಮನೆಗೆ ಹೋಗುವುದು. ಔಷಧದ ಚೀಲವಿಲ್ಲ. ಎದೆಹಾಲು ಕುಡಿಸು, ಕಿಟಕಿ ತೆರೆದಿಡು, ಕೂಸಿಗೆ ದಿನಾ ಸ್ನಾನ ಮಾಡಿಸು, ಸೆಖೆಯಲ್ಲಿ ತೆಳುವಾದ ಬಟ್ಟೆ ಹಾಕು. ಇಷ್ಟನ್ನೇ ಹೇಳಿಕೊಡುವುದು, ಮತ್ತೆ ಮತ್ತೆ ಹೋಗಿ ನೋಡುವುದು.

ಬೇಸಿಗೆ ಮುಗಿದಾಗ ಆ ಒಂದು ಪ್ರದೇಶದಲ್ಲಿ ಹಿಂದಿನ ಬೇಸಿಗೆಗಿಂತ 1200 ಸಾವು ಕಡಿಮೆಯಾಗಿತ್ತು. ನಗರದ ಉಳಿದ ಕಡೆ ಮಕ್ಕಳು ಎಂದಿನಂತೆ ಸಾಯುತ್ತಲೇ ಇದ್ದರು. ಲ್ಯಾಬ್‌ನಲ್ಲಿ ಪ್ರಯೋಗ ಮಾಡುವ ನಮ್ಮಂಥವರಿಗೆ ಈ ಎರಡನೇ ವಾಕ್ಯ ಮೊದಲನೆಯದರಷ್ಟೇ ಮುಖ್ಯ. ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ, ಈ ವರ್ಷ ಸೆಖೆ ಕಡಿಮೆಯಿತ್ತು ಎಂದು ಯಾರಾದರೂ ತಳ್ಳಿಹಾಕಬಹುದಿತ್ತು. ಒಂದು ವಿಚಿತ್ರವೂ ಇದೆ. ಉಳಿದ ಆ 1200 ಮಕ್ಕಳು ಯಾರು ಎಂದು ಬೆರಳು ಮಾಡಿ ತೋರಿಸಲು ಬೇಕರ್‌ಗೂ ಸಾಧ್ಯವಿಲ್ಲ. ಆಪರೇಷನ್ ಮಾಡಿದ ಡಾಕ್ಟರ್‌ಗೆ ಬದುಕಿದ ರೋಗಿ ಬಂದು ಕೈಮುಗಿಯುತ್ತಾನೆ. ಕಾಯಿಲೆಯೇ ಬಾರದ ಕೂಸಿನ ತಾಯಿ ಯಾರಿಗೆ ಕೈಮುಗಿಯಬೇಕು?

ನನ್ನ ದೊಡ್ಡಮ್ಮ ತುಮಕೂರು ಕಡೆಯ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಹೆರಿಗೆಯಾದ ಮನೆಗೆ ಮೂರನೇ ದಿನ, ಏಳನೇ ದಿನ, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ಕೊನೆಗೆ ನಲವತ್ತೆರಡನೇ ದಿನ ಹೋಗುತ್ತಾರೆ. ಕೂಸನ್ನು ತೂಗುತ್ತಾರೆ, ಜ್ವರ ನೋಡುತ್ತಾರೆ, ಹಾಲು ಸರಿಯಾಗಿ ಕುಡಿಯುತ್ತಿದೆಯೇ ಎಂದು ವಿಚಾರಿಸುತ್ತಾರೆ. ಏನೂ ತೊಂದರೆ ಇಲ್ಲದಿದ್ದರೆ ಬರೆದುಕೊಂಡು ಎದ್ದು ಬರುತ್ತಾರೆ. ಸುಮ್ಮನೆ ಬಂದು ಹೋಗುವುದಕ್ಕೆ ಇವರಿಗೇಕೆ ದುಡ್ಡು ಎಂದು ಕೇಳುವವರು ಊರಲ್ಲಿ ಇದ್ದಾರೆ. ಗೌರವಧನ ಹೆಚ್ಚಿಸಿ ಎಂದು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗಲೂ ಇಂಥದೇ ಮಾತು ಕಿವಿಗೆ ಬಿತ್ತು. 1908ರ ಲೆಕ್ಕ ಓದಿದ ದಿನ ನಾನು ದೊಡ್ಡಮ್ಮನಿಗೆ ಫೋನ್ ಮಾಡಿ ಪೂರ್ತಿ ಕಥೆ ಹೇಳಿದೆ. ಆ ನರ್ಸ್‌ಗಳಿಗೆ ಎಷ್ಟು ಸಂಬಳ ಕೊಡುತ್ತಿದ್ದರು ಎಂಬುದು ಅವರ ಮೊದಲ ಪ್ರಶ್ನೆ.

ಅದೇ ವರ್ಷ ನ್ಯೂಯಾರ್ಕ್ ನಗರ ಮಕ್ಕಳ ಆರೋಗ್ಯಕ್ಕೆಂದೇ ಪ್ರತ್ಯೇಕ ವಿಭಾಗ ತೆರೆದು ಬೇಕರ್ ಅವರನ್ನು ಮುಖ್ಯಸ್ಥೆ ಮಾಡಿತು. ಹೆಂಗಸಿನ ಕೈಕೆಳಗೆ ದುಡಿಯಲಾರೆವು ಎಂದು ಆರು ಡಾಕ್ಟರುಗಳು ರಾಜೀನಾಮೆಗೆ ನಿಂತರು. ಬೇಕರ್ ಜಗಳವಾಡಲಿಲ್ಲ. ಒಂದು ತಿಂಗಳು ನೋಡಿ, ಆಮೇಲೂ ಬೇಡವೆನಿಸಿದರೆ ಹೋಗಿ ಎಂದರು. ತಿಂಗಳಾದ ಮೇಲೆ ಯಾರೂ ಹೋಗಲಿಲ್ಲ.

ಮುಂದಿನ ಹದಿನೈದು ವರ್ಷ ಅವರು ಮಾಡಿದ ಕೆಲಸಗಳಲ್ಲಿ ನನ್ನಂಥ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ಹಿಡಿದು ನಿಲ್ಲಿಸುವುದು ಒಂದು ಪುಟ್ಟ ಮೇಣದ ಗುಳಿಗೆ. ತಾಯಿಗೆ ಗೊನೊರಿಯಾ ಇದ್ದರೆ ಹೆರಿಗೆಯ ಹೊತ್ತಿಗೆ ಸೋಂಕು ಮಗುವಿನ ಕಣ್ಣಿಗೆ ತಗುಲಿ ಕುರುಡಾಗುತ್ತಿತ್ತು. ಹುಟ್ಟಿದ ಕೂಡಲೇ ಸಿಲ್ವರ್ ನೈಟ್ರೇಟ್ ಹನಿ ಹಾಕಿದರೆ ಕಣ್ಣು ಉಳಿಯುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಔಷಧ ಗೊತ್ತಿದ್ದೂ ಮಕ್ಕಳು ಕುರುಡಾಗುತ್ತಿದ್ದುದೇಕೆ? ತೊಂದರೆ ಬಾಟಲಿಯಲ್ಲಿತ್ತು. ಮುಚ್ಚಳ ತೆರೆದು ಇಟ್ಟ ಬಾಟಲಿಯಲ್ಲಿ ನೀರು ಆವಿಯಾಗಿ ಔಷಧ ಗಟ್ಟಿಯಾಗುತ್ತಿತ್ತು, ಆಗ ಅದೇ ಕಣ್ಣನ್ನು ಸುಡುತ್ತಿತ್ತು. ಬಾಟಲಿ ಕೊಳೆಯಾಗುತ್ತಿತ್ತು ಕೂಡ. ಬೇಕರ್ ಔಷಧ ಬದಲಿಸಲಿಲ್ಲ, ಪ್ಯಾಕಿಂಗ್ ಬದಲಿಸಿದರು. ಜೇನುಮೇಣದ ಎರಡು ಗುಳಿಗೆ, ಒಂದೊಂದರಲ್ಲೂ ಒಂದೊಂದು ಕಣ್ಣಿಗೆ ಬೇಕಾದಷ್ಟೇ ಔಷಧ. ಸೂಲಗಿತ್ತಿ ಅದನ್ನು ಚುಚ್ಚಿ ಹನಿ ಹಾಕಿ ಬಿಸಾಡಿದರಾಯಿತು. ತಪ್ಪು ಮಾಡಲು ದಾರಿಯೇ ಇಲ್ಲ. ನಮ್ಮ ಮೆಕ್ಯಾನಿಕಲ್ ಗೆಳೆಯರು ಪರೀಕ್ಷೆಯಲ್ಲಿ ಪೋಕಾ-ಯೋಕೆ ಎಂದು ಎರಡು ಪುಟ ಬರೆಯುವುದು ಇದನ್ನೇ. ನಗರದಲ್ಲಿ ವರ್ಷಕ್ಕೆ 300ರಷ್ಟು ಮಕ್ಕಳು ಹೀಗೆ ಕುರುಡಾಗುತ್ತಿದ್ದರೆ, ಎರಡು ವರ್ಷದಲ್ಲಿ ಆ ಸಂಖ್ಯೆ 3ಕ್ಕೆ ಇಳಿಯಿತು.

ಸೂಲಗಿತ್ತಿಯರನ್ನು ಓಡಿಸಿ ಎನ್ನುವ ಡಾಕ್ಟರುಗಳ ಮಾತನ್ನು ಅವರು ಕೇಳಲಿಲ್ಲ. ವಲಸಿಗರ ಹೆಂಗಸರು ಗಂಡಸು ಡಾಕ್ಟರನ್ನು ಹತ್ತಿರ ಬಿಡುವುದಿಲ್ಲ, ಹಾಗಾಗಿ ಇರುವ ಸೂಲಗಿತ್ತಿಯರಿಗೇ ತರಬೇತಿ, ಲೈಸೆನ್ಸ್ ಕೊಡೋಣ ಎಂದರು. ಕೂಸಿನ ಬಟ್ಟೆಯನ್ನೂ ಬಿಡಲಿಲ್ಲ. ಪದರ ಪದರ ಸುತ್ತುವ ಬದಲು ಮುಂದೆ ತೆರೆಯುವಂಥ ಅಂಗಿ ರೂಪಿಸಿದರು. ಒಂದು ವಿಮಾ ಕಂಪನಿ ಪಾಲಿಸಿದಾರರಿಗೆ ಹಂಚಲು ಅದರ 2 ಲಕ್ಷ ಮಾದರಿ ತರಿಸಿಕೊಂಡಿತು. ಮಗು ಸತ್ತರೆ ವಿಮಾ ಕಂಪನಿಗೇ ನಷ್ಟವಲ್ಲವೇ! ನಗರದಲ್ಲಿ ಹಾಲಿನ ಕೇಂದ್ರಗಳು ತೆರೆದವು. ಅಲ್ಲಿ ಶುದ್ಧ ಹಾಲಿನ ಜೊತೆಗೆ ನರ್ಸ್ ಸಲಹೆ. ತಾಯಿ ಕೆಲಸಕ್ಕೆ ಹೋದರೆ ಕೂಸನ್ನು ಎತ್ತಿಕೊಂಡು ತಿರುಗುವವರು ಹತ್ತು ಹನ್ನೆರಡರ ಅಕ್ಕಂದಿರೇ ಎಂಬುದನ್ನು ಗಮನಿಸಿ, ಆ ಹುಡುಗಿಯರಿಗೇ ‘ಪುಟ್ಟ ತಾಯಂದಿರ ಸಂಘ’ ಕಟ್ಟಿ ಪಾಠ ಹೇಳಿಸಿದರು. ಇಂಗ್ಲಿಷ್ ಬಾರದ ಅಮ್ಮಂದಿರಿಗೆ ಮನೆಯಲ್ಲೇ ಒಬ್ಬ ಮೇಷ್ಟ್ರು ಸಿಕ್ಕಂತಾಯಿತು.

ಎಲ್ಲರಿಗೂ ಖುಷಿಯಾಗಲಿಲ್ಲ. ಬ್ರೂಕ್ಲಿನ್‌ನ ಡಾಕ್ಟರುಗಳ ಗುಂಪೊಂದು ಮೇಯರ್‌ಗೆ ಅರ್ಜಿ ಕೊಟ್ಟಿತು. ಈ ವಿಭಾಗ ಮಕ್ಕಳನ್ನು ಚೆನ್ನಾಗಿಟ್ಟು ನಮ್ಮ ವೃತ್ತಿಗೆ ಪೆಟ್ಟು ಹಾಕುತ್ತಿದೆ, ಮುಚ್ಚಿಸಿ ಎಂಬುದು ಅದರ ಸಾರ. ತಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಬೇಕೇ ಎಂದು ಬೇಕರ್ ಅದನ್ನು ಮೆಚ್ಚುಗೆಯಾಗಿಯೇ ತೆಗೆದುಕೊಂಡರು.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಸಂಗವನ್ನೂ ಬಿಡುವಂತಿಲ್ಲ. ಅಲ್ಲಿನ ಹೊಸ ಸಾರ್ವಜನಿಕ ಆರೋಗ್ಯ ಕೋರ್ಸ್‌ಗೆ ಮಕ್ಕಳ ಆರೋಗ್ಯದ ಪಾಠ ಮಾಡಲು ಬೇಕರ್ ಅವರನ್ನು ಕರೆದರು. ಪಾಠ ಮಾಡುತ್ತೇನೆ, ಪ್ರತಿಯಾಗಿ ಆ ಕೋರ್ಸ್‌ಗೆ ನನ್ನನ್ನೂ ವಿದ್ಯಾರ್ಥಿಯಾಗಿ ಸೇರಿಸಿಕೊಳ್ಳಿ ಎಂದರು. ಹೆಂಗಸರಿಗೆ ಪ್ರವೇಶವಿಲ್ಲ ಎಂಬ ಉತ್ತರ ಬಂತು. ಹಾಗಾದರೆ ಪಾಠವೂ ಇಲ್ಲ ಎಂದರು ಬೇಕರ್. ಆ ವಿಷಯ ಅವರಷ್ಟು ತಿಳಿದವರು ಇನ್ನೊಬ್ಬರು ಸಿಗದೆ ಕಾಲೇಜೇ ಬಗ್ಗಿತು. 1917ರಲ್ಲಿ ಅವರು ಡಾಕ್ಟರೇಟ್ ಪಡೆದರು. ಗಂಡು ವಿದ್ಯಾರ್ಥಿಗಳು ಮೊದಲ ಪಾಠದಲ್ಲೇ ಚಪ್ಪಾಳೆ ತಟ್ಟಿ ಗೇಲಿ ಮಾಡಿದರಂತೆ. ಅವರೂ ನಕ್ಕು ಪಾಠ ಮುಂದುವರಿಸಿದರು, ಹದಿನೈದು ವರ್ಷ.

ಅದು ಮೊದಲ ಮಹಾಯುದ್ಧದ ಕಾಲ. ಫ್ರಾನ್ಸಿನ ಕಂದಕದಲ್ಲಿ ಹೋರಾಡುವ ಸೈನಿಕನಿಗಿಂತ ಅಮೆರಿಕದಲ್ಲಿ ಹುಟ್ಟುವ ಕೂಸಿಗೆ ಸಾವಿನ ಅಪಾಯ ಹೆಚ್ಚು ಎಂದು ಅವರು ಪತ್ರಿಕೆಗೆ ಲೆಕ್ಕ ಒಪ್ಪಿಸಿದಾಗ ದೇಶ ಬೆಚ್ಚಿತು. ಇದು ಒಂದು ನಗರದ ಕೆಲಸವಲ್ಲ ಎಂದು ಬೇರೆ ರಾಜ್ಯಗಳೂ ಎಚ್ಚೆತ್ತವು. 1921ರಲ್ಲಿ ಬಂದ ಶೆಪರ್ಡ್-ಟೌನರ್ ಕಾಯ್ದೆ ತಾಯಿ ಮಕ್ಕಳ ಆರೋಗ್ಯಕ್ಕೆಂದು ರಾಜ್ಯಗಳಿಗೆ ಕೇಂದ್ರದ ಹಣ ಕೊಟ್ಟಿತು. 1923ರಲ್ಲಿ ಬೇಕರ್ ನಿವೃತ್ತರಾದಾಗ ಆಗಿದ್ದ 48 ರಾಜ್ಯಗಳಲ್ಲೂ ಮಕ್ಕಳ ಆರೋಗ್ಯ ವಿಭಾಗಗಳಿದ್ದವು. ಆದರೆ ಅಮೆರಿಕದ ವೈದ್ಯರ ಸಂಘ ಆ ಕಾಯ್ದೆಯನ್ನು ಬಲವಾಗಿ ವಿರೋಧಿಸುತ್ತಲೇ ಬಂತು. 1929ರಲ್ಲಿ ಹಣ ನಿಂತೇಹೋಯಿತು. ಬ್ರೂಕ್ಲಿನ್ ಡಾಕ್ಟರುಗಳ ಅರ್ಜಿ ಮೇಯರ್ ಬಳಿ ನಡೆಯಲಿಲ್ಲ, ಅದೇ ವಾದ ವಾಷಿಂಗ್ಟನ್‌ನಲ್ಲಿ ನಡೆಯಿತು ಎಂದೇ ನನಗೆ ಕಾಣುತ್ತದೆ.

ಕೊನೆಯ ವರ್ಷಗಳನ್ನು ಬೇಕರ್ ನ್ಯೂಜೆರ್ಸಿಯಲ್ಲಿ, ಕಾದಂಬರಿಕಾರ್ತಿ ವೈಲಿ ಮತ್ತು ಡಾಕ್ಟರ್ ಲೂಯಿಸ್ ಪಿಯರ್ಸ್ ಎಂಬ ಇಬ್ಬರು ಗೆಳತಿಯರೊಂದಿಗೆ ಕಳೆದರು. 1939ರಲ್ಲಿ ‘ಫೈಟಿಂಗ್ ಫಾರ್ ಲೈಫ್’ ಎಂಬ ಆತ್ಮಕಥೆ ಹೊರಬಂತು. 1945ರ ಫೆಬ್ರುವರಿ 22ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. 1908ರ ಬೇಸಿಗೆಯಲ್ಲಿ ಲೋವರ್ ಈಸ್ಟ್ ಸೈಡ್‌ನಲ್ಲಿ ಹುಟ್ಟಿದ್ದ ಮಕ್ಕಳಿಗೆ ಆಗ ಮೂವತ್ತಾರು ವರ್ಷ.