ಮಗುವಿನ ಐಕ್ಯೂ ಎಂದಿಗೂ ಬದಲಾಗದೇ? ಅಳತೆಗೋಲು ಮಾಡಿದ ಬಿನೆ ಹಾಗೆ ನಂಬಿರಲಿಲ್ಲ

ಗೋಕಾಕ ತಾಲೂಕಿನ ಮೇಲವಂಕಿಯಂಥ ಒಂದು ಊರು. ಐದು ವರ್ಷದ ಮಗು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ, ಅಂಗನವಾಡಿಯಲ್ಲಿ ಹೇಳಿಕೊಟ್ಟದ್ದು ತಲೆಗೆ ಹತ್ತುತ್ತಿಲ್ಲ ಎಂದಿಟ್ಟುಕೊಳ್ಳಿ. ಅಪ್ಪ ಅವ್ವ ಅದನ್ನು ಬೆಳಗಾವಿಗೆ ಕರೆದೊಯ್ಯುತ್ತಾರೆ. ಅಲ್ಲಿ ಒಬ್ಬರು ಮಗುವಿನ ಎದುರು ಕುಳಿತು ಚಿತ್ರ ತೋರಿಸುತ್ತಾರೆ, ಅಂಕಿಗಳನ್ನು ಹೇಳಿಸುತ್ತಾರೆ, ಪ್ರಶ್ನೆ ಕೇಳುತ್ತಾರೆ. ಕೊನೆಗೆ ಕೈಗೆ ಬಂದ ಕಾಗದದಲ್ಲಿ ಐಕ್ಯೂ 62 ಎಂದು ಬರೆದಿರುತ್ತದೆ. ಊರಿಗೆ ಮರಳುವ ಬಸ್ಸು ಹತ್ತುವಷ್ಟರಲ್ಲೇ ಆ ಇಬ್ಬರೂ ಒಂದು ತೀರ್ಮಾನಕ್ಕೆ ಬಂದಿರುತ್ತಾರೆ. ನಮ್ಮ ಮಗುವಿನ ಬುದ್ಧಿ ಇಷ್ಟೇ, ಇನ್ನು ಶಾಲೆಗೆ ಕಳಿಸಿಯೂ ಉಪಯೋಗವಿಲ್ಲ.

ಈ ತೀರ್ಮಾನ ಎಷ್ಟು ಸರಿ? ಉತ್ತರ ಹುಡುಕಲು ನಾವು ಆ ಪರೀಕ್ಷೆಯ ಹೆಸರಿನಿಂದಲೇ ಶುರು ಮಾಡೋಣ. ನಮ್ಮಲ್ಲಿ ಇಂದಿಗೂ ಬಹಳ ಕಡೆ ಬಳಸುವುದು ಬಿನೆ-ಕಾಮತ್ ಪರೀಕ್ಷೆ. ಕಾಮತ್ ನಮ್ಮವರು, ಅವರ ವಿಷಯ ಆಮೇಲೆ ಬರುತ್ತದೆ. ಬಿನೆ ಎಂಬ ಫ್ರೆಂಚ್ ಮನಶ್ಶಾಸ್ತ್ರಜ್ಞ ತೀರಿಕೊಂಡು ನೂರು ವರ್ಷಕ್ಕೂ ಮೇಲಾಯಿತು. ಬುದ್ಧಿ ಅಳೆಯುವ ಮೊದಲ ಉಪಯುಕ್ತ ಅಳತೆಗೋಲನ್ನು ಮಾಡಿದವರು ಅವರು. ಆದರೆ ಐಕ್ಯೂ ಎಂಬ ಒಂಟಿ ಅಂಕಿಯನ್ನು ಅವರು ಮಾಡಲಿಲ್ಲ.

ಆಲ್‌ಫ್ರೆಡ್ ಬಿನೆ ಹುಟ್ಟಿದ್ದು 1857ರ ಜುಲೈನಲ್ಲಿ, ನೀಸ್ ನಗರದಲ್ಲಿ. ಅಪ್ಪ ವೈದ್ಯ, ಅವ್ವ ಚಿತ್ರಕಲಾವಿದೆ. ಅವರಿಬ್ಬರೂ ಬೇರೆಯಾದ ಮೇಲೆ ಅವ್ವನೇ ಬೆಳೆಸಿದರು, ಓದಿಗಾಗಿ ಪ್ಯಾರಿಸ್‌ಗೆ ಕರೆತಂದರು. ಬಿನೆ ಕಾನೂನು ಓದಿ 1878ರಲ್ಲಿ ಪದವಿ ಪಡೆದರು, ವಕೀಲಿಕೆ ಮಾಡಲಿಲ್ಲ. ವೈದ್ಯಕೀಯ ಶುರು ಮಾಡಿ ಅರ್ಧಕ್ಕೆ ಬಿಟ್ಟರು. ಮನಶ್ಶಾಸ್ತ್ರವನ್ನು ಯಾರ ಬಳಿಯೂ ಕಲಿಯದೆ, ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ತಾವೇ ಓದಿಕೊಂಡರು.

ಮೊದಲ ದೊಡ್ಡ ಕೆಲಸದಲ್ಲೇ ಎಡವಿದರು. 1880ರ ದಶಕದಲ್ಲಿ ಅವರು ಸಾಲ್ಪೇತ್ರಿಯೇರ್ ಆಸ್ಪತ್ರೆಯಲ್ಲಿ ಹೆಸರಾಂತ ನರವೈದ್ಯ ಶಾರ್ಕೋ ಕೈಕೆಳಗೆ ಸಮ್ಮೋಹನದ ಪ್ರಯೋಗಗಳಲ್ಲಿ ತೊಡಗಿದ್ದರು. ಸಮ್ಮೋಹನಕ್ಕೆ ಒಳಗಾದ ರೋಗಿಯ ಬಳಿ ಅಯಸ್ಕಾಂತ ಹಿಡಿದರೆ ಒಂದು ಪಕ್ಕದ ಲಕ್ಷಣ ಇನ್ನೊಂದು ಪಕ್ಕಕ್ಕೆ ದಾಟುತ್ತದೆ ಎಂದು ಬಿನೆ ಮತ್ತು ಸಂಗಡಿಗ ಫೇರೆ ಪ್ರಕಟಿಸಿದರು. ಬೆಲ್ಜಿಯಂನ ಡೆಲ್‌ಬ್ಯೂಫ್ ಎಂಬ ವಿದ್ವಾಂಸ ಬಂದು ನೋಡಿದಾಗ ಗುಟ್ಟು ಹೊರಬಿತ್ತು. ಮುಂದೇನು ಆಗಬೇಕು ಎಂಬುದನ್ನು ಪ್ರಯೋಗ ಮಾಡುವವರು ರೋಗಿಯ ಎದುರೇ ಮಾತಾಡಿಕೊಳ್ಳುತ್ತಿದ್ದರು, ರೋಗಿ ಹಾಗೆಯೇ ನಡೆದುಕೊಳ್ಳುತ್ತಿದ್ದಳು. ಅಯಸ್ಕಾಂತದ ಪಾತ್ರ ಏನೂ ಇರಲಿಲ್ಲ. ಬಿನೆ ಕೆಲಕಾಲ ವಾದ ಮಾಡಿ ಕೊನೆಗೆ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಆಸ್ಪತ್ರೆಯನ್ನೂ ಬಿಟ್ಟರು. ಅಳೆಯುವವನ ನಿರೀಕ್ಷೆಯೇ ಅಳತೆಯೊಳಗೆ ನುಸುಳಿಬಿಡುತ್ತದೆ ಎಂಬ ಭಯ ಅವರನ್ನು ಮತ್ತೆಂದೂ ಬಿಡಲಿಲ್ಲ. ನಮಗನಿಸುವಂತೆ ಅವರ ಮುಂದಿನ ಒಳ್ಳೆಯ ಕೆಲಸವೆಲ್ಲ ಈ ಭಯದಿಂದಲೇ ಬಂತು.

ಅಷ್ಟರಲ್ಲಿ ಅವರಿಗೆ ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳಾಗಿದ್ದರು. 1885ರಲ್ಲಿ ಮಾಡ್ಲೆನ್, 1887ರಲ್ಲಿ ಆಲಿಸ್. ಹೊರಗೆ ಮುಖಭಂಗವಾದ ಹೊತ್ತಿನಲ್ಲಿ ಬಿನೆ ಮನೆಯೊಳಗಿನ ಮಕ್ಕಳನ್ನು ಗಮನವಿಟ್ಟು ನೋಡತೊಡಗಿದರು. ಕಂಡದ್ದನ್ನು 1890ರಲ್ಲಿ ಲೇಖನಗಳಾಗಿ ಪ್ರಕಟಿಸಿದರು.

ಅಕ್ಕ ತಂಗಿ ನಡೆಯಲು ಕಲಿತದ್ದೇ ಬೇರೆ ಬೇರೆ ರೀತಿ. ಮಾಡ್ಲೆನ್ ಕುರ್ಚಿಯನ್ನೋ ಮೇಜನ್ನೋ ಹಿಡಿದು ನಿಂತು, ಮುಂದಿನ ಆಸರೆ ಎಲ್ಲಿದೆ ಎಂದು ನೋಡಿಕೊಂಡೇ ಹೆಜ್ಜೆ ಇಡುವ ಮಗು. ಆಲಿಸ್ ನಗುತ್ತ ಕೋಣೆಯ ನಡುವಿಗೆ ನುಗ್ಗುವಳು, ಬೀಳುವಳು, ಏಳುವಳು. ಒಂದೇ ಮನೆ, ಒಂದೇ ಊಟ, ಸ್ವಭಾವ ಮಾತ್ರ ಬೇರೆ. ಕೊನೆಗೆ ಇಬ್ಬರೂ ನಡೆದರು.

ಇಲ್ಲಿ ಸ್ವಲ್ಪ ನಿಲ್ಲೋಣ. ತಡವಾಗಿ ನಡೆದ ಮಗು ಮಂದಬುದ್ಧಿಯದು, ಬೇಗ ನಡೆದದ್ದು ಚುರುಕು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆ ದೆಹಲಿಯೂ ಸೇರಿ ಐದು ದೇಶಗಳಲ್ಲಿ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆಸರೆಯಿಲ್ಲದೆ ನಡೆಯುವ ಸಹಜ ವಯಸ್ಸು 8.2 ತಿಂಗಳಿಂದ 17.6 ತಿಂಗಳವರೆಗೂ ಚಾಚಿದೆ. ಒಂಬತ್ತು ತಿಂಗಳಿಗೂ ಹೆಚ್ಚು ಅಂತರ! ಒಂದೂವರೆ ವರ್ಷ ತುಂಬಿದರೂ ನಡೆಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಅದಕ್ಕೂ ಮೊದಲು ಪಕ್ಕದ ಮನೆಯ ಕೂಸಿನ ಜೊತೆ ಪೈಪೋಟಿ ಬೇಕಿಲ್ಲ.

ಬಿನೆ ಮಕ್ಕಳ ಯೋಚನೆಯನ್ನೂ ಕೆದಕಿದರು. ಎರಡು ಗುಂಪು ಬಿಲ್ಲೆಗಳನ್ನಿಟ್ಟು ಯಾವುದರಲ್ಲಿ ಹೆಚ್ಚಿವೆ ಎಂದು ಕೇಳಿದರೆ, ಬಿಲ್ಲೆಗಳೆಲ್ಲ ಒಂದೇ ಗಾತ್ರದವಾಗಿದ್ದಾಗ ನಾಲ್ಕು ವರ್ಷದ ಮಗು ಸರಿಯಾಗಿ ಹೇಳುತ್ತಿತ್ತು. ಒಂದು ಗುಂಪಿನ ಬಿಲ್ಲೆಗಳು ದೊಡ್ಡವಾದರೆ, ಸಂಖ್ಯೆ ಕಡಿಮೆಯಿದ್ದರೂ ಅದೇ ಹೆಚ್ಚು ಎನ್ನುತ್ತಿತ್ತು. ಮಗು ಎಣಿಸುತ್ತಿರಲಿಲ್ಲ, ಎಷ್ಟು ಜಾಗ ಹಿಡಿದಿದೆ ಎಂದು ನೋಡುತ್ತಿತ್ತು. ನೀವೂ ಎಂಟು ಹುಣಸೆಬೀಜ ಒಂದು ಕಡೆ, ಐದು ಲಿಂಬೆಹಣ್ಣು ಇನ್ನೊಂದು ಕಡೆ ಇಟ್ಟು ಮನೆಯ ಪುಟ್ಟ ಮಗುವನ್ನು ಕೇಳಿ ನೋಡಿ. ಲಿಂಬೆಯತ್ತ ಕೈ ತೋರಿಸಿದರೆ ಗಾಬರಿ ಬೇಡ. ಆ ವಯಸ್ಸಿನ ಯೋಚನೆ ಇರುವುದೇ ಹಾಗೆ. ಚಾಕು ಎಂದರೇನು ಎಂದು ಕೇಳಿದರೆ ಪುಟ್ಟ ಮಕ್ಕಳು ಅದರಿಂದ ಏನು ಮಾಡುತ್ತಾರೆ ಎಂದು ಹೇಳುತ್ತಾರೆಯೇ ಹೊರತು ಅದು ಯಾವ ಬಗೆಯ ವಸ್ತು ಎಂದು ಹೇಳುವುದಿಲ್ಲ ಎಂಬುದನ್ನೂ ಬಿನೆ ಗುರುತಿಸಿದರು. ಮಗುವೆಂದರೆ ಸಣ್ಣ ಗಾತ್ರದ ದೊಡ್ಡವರಲ್ಲ ಎಂಬ ಈ ಅರಿವನ್ನು ಸ್ವಿಸ್ ವಿಜ್ಞಾನಿ ಪಿಯಾಜೆ ಮುಂದೆ ಬಹಳ ದೂರ ಬೆಳೆಸಿದರು.

1890ರ ದಶಕದಿಂದ ಬಿನೆ ಸೋರ್ಬಾನ್‌ನ ಪ್ರಯೋಗಾಲಯದಲ್ಲಿ ಸಂಬಳವಿಲ್ಲದೆ ದುಡಿದರು, 1894ರಲ್ಲಿ ಅದರ ನಿರ್ದೇಶಕರಾದರು. ಪ್ರಾಧ್ಯಾಪಕ ಹುದ್ದೆ ಮಾತ್ರ ಅವರಿಗೆ ಫ್ರಾನ್ಸ್‌ನಲ್ಲಿ ಎಂದೂ ಸಿಗಲಿಲ್ಲ. ಆಗ ಬುದ್ಧಿಯನ್ನು ತಲೆಯ ಗಾತ್ರದಿಂದ ಅಳೆಯಬಹುದು ಎಂಬ ನಂಬಿಕೆ ಬಲವಾಗಿತ್ತು. ಬಿನೆ ಕೂಡ ಶಾಲಾಮಕ್ಕಳ ತಲೆ ಅಳೆದರು. ಜಾಣರಿಗೂ ಹಿಂದುಳಿದವರಿಗೂ ಸಿಕ್ಕ ವ್ಯತ್ಯಾಸ ತೀರಾ ಸಣ್ಣದು. ಅಷ್ಟೇ ಅಲ್ಲ, ಆ ಸಣ್ಣ ವ್ಯತ್ಯಾಸವೂ ತಮ್ಮ ನಿರೀಕ್ಷೆಯಿಂದ ತಮ್ಮ ಕೈಯೇ ಮಾಡಿದ್ದಿರಬಹುದು ಎಂದು ಅವರಿಗೆ ಸಂಶಯ ಬಂತು. ಅಯಸ್ಕಾಂತದ ಪಾಠ ಮರೆತಿರಲಿಲ್ಲ. ಟೇಪು ಹಿಡಿಯುವುದನ್ನು ಬಿಟ್ಟರು.

ಫ್ರಾನ್ಸ್‌ನಲ್ಲಿ 1882ರಿಂದ ಶಿಕ್ಷಣ ಕಡ್ಡಾಯವಾಗಿತ್ತು. ತರಗತಿಗೆ ಬಂದ ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಕಲಿಯುತ್ತಿರಲಿಲ್ಲ. ವಿಶೇಷ ಪಾಠ ಬೇಕಾದವರು ಯಾರು ಎಂದು ನಿರ್ಧರಿಸಲು 1904ರಲ್ಲಿ ಸರ್ಕಾರ ಆಯೋಗ ಮಾಡಿತು. ಬಿನೆ ಅದರ ಸದಸ್ಯರು. ಶಿಕ್ಷಕರ ಅನಿಸಿಕೆಯ ಮೇಲೆ ಬಿಟ್ಟರೆ ಗಲಾಟೆಯ ಮಗುವನ್ನು ಹೊರದೂಡಬಹುದು, ಸುಮ್ಮನೆ ಕೂರುವ ಮಗುವಿನ ಕಷ್ಟ ಕಾಣದೇ ಹೋಗಬಹುದು. ಹಾಗಾಗಿ ಯುವ ವೈದ್ಯ ಥಿಯೊಡೋರ್ ಸಿಮೋ ಜೊತೆ ಸೇರಿ 1905ರಲ್ಲಿ 30 ಸಣ್ಣ ಪರೀಕ್ಷೆಗಳ ಸರಣಿ ಮಾಡಿದರು. ಉರಿಯುವ ಕಡ್ಡಿಯನ್ನು ಕಣ್ಣು ಹಿಂಬಾಲಿಸುತ್ತದೆಯೇ, ಚಾಕೊಲೇಟು ಯಾವುದು ಮರದ ತುಂಡು ಯಾವುದು ಎಂದು ತಿಳಿಯುತ್ತದೆಯೇ ಎಂಬಲ್ಲಿಂದ ಹಿಡಿದು ಕಷ್ಟದ ಪ್ರಶ್ನೆಗಳವರೆಗೆ. 1908ರಲ್ಲಿ ಇವನ್ನು ವಯಸ್ಸಿನಂತೆ ಜೋಡಿಸಿದರು. ಮೂರರ ಮಗು ಕಣ್ಣು, ಮೂಗು, ಬಾಯಿ ತೋರಿಸಬೇಕು. ಐದರ ಮಗು ಚೌಕ ನೋಡಿ ಬರೆಯಬೇಕು. ಒಂದು ವಯಸ್ಸಿನ ಬಹುಪಾಲು ಮಕ್ಕಳು ಮಾಡಿದ್ದು ಆ ವಯಸ್ಸಿನ ಮಟ್ಟ.

ಇದರಿಂದ ತಿಳಿಯುವುದು ಇಷ್ಟೇ: ಈ ಮಗು ಇಂದು ಸರಾಸರಿ ನಾಲ್ಕು ವರ್ಷದ ಮಗುವಿನಷ್ಟು ಮಾಡುತ್ತಿದೆ. ಯಾಕೆ ಎಂದಾಗಲಿ, ನಾಳೆ ಏನು ಎಂದಾಗಲಿ ಅದು ಹೇಳುವುದಿಲ್ಲ. ಬುದ್ಧಿ ಹುಟ್ಟಿನಿಂದ ಬಂದ ಅಚಲ ಪ್ರಮಾಣ ಎನ್ನುವವರನ್ನು ಬಿನೆ 1909ರಲ್ಲಿ ಬರೆದ ಪುಸ್ತಕದಲ್ಲಿ ಕಟುವಾಗಿ ವಿರೋಧಿಸಿದರು. ಹಿಂದುಳಿದ ಮಕ್ಕಳಿಗೆ ಪಾಠಕ್ಕೆ ಮೊದಲು ಕಲಿಯುವುದನ್ನೇ ಕಲಿಸಬೇಕು ಎಂಬುದು ಅವರ ವಾದ. ಅದಕ್ಕಾಗಿ ಕಲ್ಲಿನ ಬೊಂಬೆಯಂತೆ ಅಲ್ಲಾಡದೆ ಕೂರುವಂಥ ಆಟಗಳಿಂದ ಗಮನವನ್ನು ಬೆಳೆಸುವ ಅಭ್ಯಾಸಗಳನ್ನು ಬೆಂಬಲಿಸಿದರು. 1911ರ ಅಕ್ಟೋಬರ್ 18ರಂದು, 54ನೇ ವಯಸ್ಸಿಗೆ ತೀರಿಕೊಂಡರು.

ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಸೂತ್ರ ಮುಂದಿಟ್ಟರು. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು 100ರಿಂದ ಗುಣಿಸಿದ ಐಕ್ಯೂವನ್ನು ತಮ್ಮ ಪರೀಕ್ಷೆಗೆ ಜೋಡಿಸಿದರು. ನಾಲ್ಕರ ಮಟ್ಟದ ಐದು ವರ್ಷದ ಮಗುವಿಗೆ 80 ಬಂತು. ಬಿನೆಯ ಗೋಲು ಯಾರಿಗೆ ನೆರವು ಬೇಕು ಎಂದು ಹುಡುಕುವುದಕ್ಕಾಗಿ ಹುಟ್ಟಿದ್ದು. ಅಮೆರಿಕದಲ್ಲಿ ಅದು ಯಾರನ್ನು ದೂರವಿಡಬೇಕು ಎಂಬುದಕ್ಕೂ ಬಳಕೆಯಾಯಿತು. ಬುದ್ಧಿಮಾಂದ್ಯರೆಂದು ಕರೆಸಿಕೊಂಡ ಸಾವಿರಾರು ಜನರಿಗೆ ಒತ್ತಾಯದ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ಬಿನೆ ನೋಡಲಿಲ್ಲ. 1961ರವರೆಗೆ ಬದುಕಿದ್ದ ಸಿಮೋ, ಐಕ್ಯೂ ಎಂಬುದು ತಮ್ಮ ಅಳತೆಗೋಲಿನ ಉದ್ದೇಶಕ್ಕೆ ಬಗೆದ ದ್ರೋಹವೆಂದೇ ಭಾವಿಸಿದ್ದರು.

ಇನ್ನು ಕಾಮತ್. ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲ. ಪ್ಯಾರಿಸ್ ಮಗುವಿನ ನಾಣ್ಯವನ್ನು ಗೋಕಾಕದ ಮಗುವಿಗೆ ತೋರಿಸಿ ಗುರುತಿಸು ಎಂದರೆ ಅದು ಯಾವ ಪರೀಕ್ಷೆ? ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಬಿನೆ ಪರೀಕ್ಷೆಯನ್ನು ಪರಿಷ್ಕರಿಸಿ 1934ರಲ್ಲಿ ಅದರ ವಿವರ ಪ್ರಕಟಿಸಿದರು, 1940ರಲ್ಲಿ ಪುಸ್ತಕ ತಂದರು. ಭಾರತದ ಮಕ್ಕಳನ್ನು ಭಾರತದ ಮಕ್ಕಳೊಂದಿಗೇ ಹೋಲಿಸಬೇಕು ಎಂಬ ದೊಡ್ಡ ಹೆಜ್ಜೆ ಅದು. ತೊಂದರೆ ಏನೆಂದರೆ, ಅದರ ಮಾನದಂಡಗಳು ಈಗ ಬಹಳ ಹಳೆಯವು, ಮತ್ತು ಪರೀಕ್ಷೆಯ ಹೆಚ್ಚಿನ ಪಾಲು ಮಾತಿನ ಮೇಲೆ ನಿಂತಿದೆ. ಕಿವಿ ಸರಿಯಾಗಿ ಕೇಳದ ಮಗು, ಮನೆಯಲ್ಲಿ ಒಂದು ಭಾಷೆ ಪರೀಕ್ಷೆಯಲ್ಲಿ ಇನ್ನೊಂದು ಭಾಷೆ ಎದುರಿಸುವ ಮಗು, ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ಊರೂರು ಅಲೆದು ಶಾಲೆ ತಪ್ಪಿಸಿಕೊಂಡ ಮಗು, ಹೊಸಬರ ಎದುರು ಬಾಯಿ ಬಿಡದ ಮಗು, ಇವರೆಲ್ಲರ ಅಂಕ ಅವರ ಶಕ್ತಿಗಿಂತ ಕಡಿಮೆ ಬರಬಹುದು. ಚಿಕ್ಕ ವಯಸ್ಸಿನಲ್ಲಿ ಬಂದ ಅಂಕ ಮುಂದೆ ಹೆಚ್ಚುಕಡಿಮೆ ಆಗುವುದೂ ಸಾಮಾನ್ಯ.

ಹಾಗೆಂದು ಆ ಕಾಗದವನ್ನು ಹರಿದು ಹಾಕಬೇಡಿ. ಅಂಗವಿಕಲತೆಯ ಪ್ರಮಾಣಪತ್ರಕ್ಕೆ, ಸರ್ಕಾರದ ಸೌಲಭ್ಯಕ್ಕೆ ಅದು ಬೇಕಾಗುತ್ತದೆ. ಕೆಲವು ಮಕ್ಕಳ ಬುದ್ಧಿಯ ತೊಂದರೆ ಜೀವನವಿಡೀ ಇರುತ್ತದೆ ಎಂಬುದೂ ನಿಜ. ಆದರೂ ತರಬೇತಿ ಸಿಕ್ಕರೆ ಅವರೂ ತಾವೇ ಉಣ್ಣಲು, ಉಡಲು, ಮಾತಾಡಲು, ಕೆಲಸ ಕಲಿಯಲು ಸಾಧ್ಯ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು, ಬೆಳವಣಿಗೆ ತಡವಾದ ಮಕ್ಕಳನ್ನು ಗುರುತಿಸಿ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸಬೇಕು. ಆ ದಿನ ಮಗುವನ್ನು ತಪ್ಪದೆ ಕಳಿಸಿ. ಬುದ್ಧಿಪರೀಕ್ಷೆಗೆ ಹೋಗುವ ಮೊದಲು ಕಿವಿ ಮತ್ತು ಕಣ್ಣಿನ ತಪಾಸಣೆ ಮಾಡಿಸಿ. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ, ಮಗುವಿಗೆ ಜ್ವರವಿತ್ತೇ, ಹಿಂದಿನ ರಾತ್ರಿ ನಿದ್ದೆ ಆಗಿತ್ತೇ ಎಂಬುದನ್ನು ಪರೀಕ್ಷೆ ಮಾಡುವವರಿಗೆ ಮೊದಲೇ ಹೇಳಿ. ಮತ್ತೆ ಯಾವಾಗ ಬರಬೇಕು ಎಂದು ಕೇಳಿ, ಆ ತಾರೀಖನ್ನು ಅದೇ ಕಾಗದದ ಮೇಲೆ ಬರೆಸಿಕೊಳ್ಳಿ.