ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ

ಈ ಸಲದ ಗೋಡೆ ಪತ್ರಿಕೆಗೆ ನಾನು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಜೀವನ ಚರಿತ್ರೆ ಬರೆದಿದ್ದೇನೆ. ಗೇರುಸೊಪ್ಪೆ ನಮ್ಮ ಸೊರಬದಿಂದ ಬಹಳ ದೂರವೇನಲ್ಲ. ಪ್ರವಾಸ ಹೋದಾಗ ನಾವೆಲ್ಲ ಜೋಗ ನೋಡಿ ವಾಪಸ್ ಬಂದುಬಿಡುತ್ತೇವೆ. ಅದೇ ಶರಾವತಿ ನದಿಯ ದಡದಲ್ಲಿ, ಘಟ್ಟ ಇಳಿದ ಮೇಲೆ ಸಿಗುವ ಊರೇ ಗೇರುಸೊಪ್ಪೆ.

ಚೆನ್ನಭೈರಾದೇವಿ ಸಾಳುವ ವಂಶದವಳು. ಜೈನ ಧರ್ಮದವಳು. 1552 ರಿಂದ 1606 ರವರೆಗೆ, ಅಂದರೆ 54 ವರ್ಷ ರಾಜ್ಯ ಆಳಿದಳು. ಲೆಕ್ಕ ಹಾಕಿ ನೋಡಿ, ನಮ್ಮಪ್ಪನ ವಯಸ್ಸಿಗಿಂತ ಜಾಸ್ತಿ! ಮೊದಲು ಅವಳ ರಾಜ್ಯ ವಿಜಯನಗರದ ಅಧೀನದಲ್ಲಿತ್ತು. 1565 ರಲ್ಲಿ ವಿಜಯನಗರ ಸೋತ ಮೇಲೆ ಅವಳ ಬೆನ್ನಿಗೆ ದೊಡ್ಡವರು ಯಾರೂ ಇರಲಿಲ್ಲ.

ಅವಳ ರಾಜ್ಯದ ದೊಡ್ಡ ಸಂಪತ್ತು ಮೆಣಸು. ಶಿಕಾರಿಪುರದ ನಮ್ಮ ಅಜ್ಜಿಗೆ ಇದನ್ನು ಹೇಳಿದಾಗ ಅವರು ಒಣಮೆಣಸಿನಕಾಯಿ ಅಂದುಕೊಂಡರು. ಅಲ್ಲ, ಕಾಳುಮೆಣಸು. ಮೆಣಸಿನಕಾಯಿ ಅಮೆರಿಕದ ಗಿಡ, ಅದನ್ನು ನಮ್ಮ ದೇಶಕ್ಕೆ ತಂದವರೇ ಪೋರ್ಚುಗೀಸರು. ಅದಕ್ಕಿಂತ ಮುಂಚೆ ನಮ್ಮ ಸಾರಿಗೆ ಖಾರ ಅಂದ್ರೆ ಕಾಳುಮೆಣಸೇ. ನಾವು ಅಡಿಕೆ ಮರಕ್ಕೆ ಹಬ್ಬಿಸ್ತೀವಲ್ಲ, ಅದೇ ಬಳ್ಳಿ. ಕೊಯ್ದು ಬಿಸಿಲಿಗೆ ಹರವಿದರೆ ಕಾಳು ಕಪ್ಪಾಗಿ ಸುಕ್ಕಾಗುತ್ತದೆ. ಚೆನ್ನಾಗಿ ಒಣಗಿದರೆ ವರ್ಷಗಟ್ಟಲೆ ಕೆಡೋದಿಲ್ಲ. ಅದಕ್ಕೇ ತಿಂಗಳುಗಟ್ಟಲೆ ಹಡಗಿನಲ್ಲಿ ಯುರೋಪಿಗೆ ಸಾಗಿಸಲು ಆಗುತ್ತಿತ್ತು. ಘಟ್ಟದ ಮೆಣಸು ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ನದಿಯಲ್ಲಿ ದೋಣಿ ಮೇಲೆ ಹೊನ್ನಾವರದ ಸಮುದ್ರಕ್ಕೆ ಹೋಗುತ್ತಿತ್ತು. ಕುಮಟಾ ಹತ್ತಿರದ ಮಿರ್ಜಾನ್ ಕೋಟೆ ಕಟ್ಟಿಸಿದವಳೂ ಇವಳೇ ಎನ್ನುತ್ತಾರೆ.

ಪೋರ್ಚುಗೀಸರು 1510 ರಲ್ಲೇ ಗೋವಾ ಹಿಡಿದಿದ್ದರು. ಸಮುದ್ರದಲ್ಲಿ ಯಾರ ಹಡಗು ಹೋಗಬೇಕಾದರೂ ಅವರ ಚೀಟಿ ಬೇಕಾಗಿತ್ತು. ಆದರೆ ಮೆಣಸು ಬೆಳೆಯೋದು ಸಮುದ್ರದಲ್ಲಿ ಅಲ್ಲವಲ್ಲ! ಬಳ್ಳಿ ಇದ್ದದ್ದು ಘಟ್ಟದಲ್ಲಿ, ದಾರಿ ಇದ್ದದ್ದು ರಾಣಿಯ ಕೈಯಲ್ಲಿ. ಆದ್ದರಿಂದ ಅವರೇ ಅವಳನ್ನು ಮೆಣಸಿನ ರಾಣಿ ಎಂದು ಕರೆದರು. ಕರೆದರು ಅಂತ ಸುಮ್ಮನೆ ಬಿಡಲಿಲ್ಲ. 1569 ರಲ್ಲಿ ಹೊನ್ನಾವರದ ಕೋಟೆ ಕಿತ್ತುಕೊಂಡರು. ಮರುವರ್ಷ ರಾಣಿ ಬಿಜಾಪುರದ ಸುಲ್ತಾನನ ಜೊತೆ ಸೇರಿ ಆ ಕೋಟೆಗೆ ಮುತ್ತಿಗೆ ಹಾಕಿದಳು. ಕೋಟೆ ವಾಪಸ್ ಸಿಗಲಿಲ್ಲ. ಆದರೂ ಅವಳು ಹೆದರಿ ಮನೆಯಲ್ಲಿ ಕೂರಲಿಲ್ಲ, ಆಮೇಲೂ 36 ವರ್ಷ ಆಳಿದಳು.

ವ್ಯಾಪಾರದ ದುಡ್ಡು ಬರೀ ಅರಮನೆಗೆ ಹೋಗಲಿಲ್ಲ. ಗೇರುಸೊಪ್ಪೆಯಲ್ಲಿ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಇದೆ, ಕಾಡಿನ ನಡುವೆ ಇವತ್ತಿಗೂ ನಿಂತಿದೆ. ಜೈನಳಾದರೂ ಶಿವ, ವಿಷ್ಣು ದೇವಸ್ಥಾನಗಳಿಗೂ ಅವಳು ನೆರವಾದಳು.

ಮುಂದಿನದನ್ನು ಬರೆಯೋದಕ್ಕೆ ನನಗೆ ಸ್ವಲ್ಪ ಬೇಜಾರು. ಅವಳ ರಾಜ್ಯ ಮುಗಿಸಿದವರು ಪೋರ್ಚುಗೀಸರಲ್ಲ, ನಮ್ಮ ಕೆಳದಿಯವರು! ನಮ್ಮ ಚಂದ್ರಗುತ್ತಿ ಕೋಟೆ ಕೂಡ ಅವರದ್ದೇ ಆಗಿತ್ತು. ಕೆಳದಿ ಅರಸರೆಂದರೆ ನಾವು ಎದೆ ಉಬ್ಬಿಸಿ ಮಾತಾಡ್ತೀವಿ. 1606 ರಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಮತ್ತು ಬಿಳಗಿಯ ಅರಸರು ಸೇರಿ ಅವಳನ್ನು ಸೋಲಿಸಿದರು. ಮುದುಕಿಯಾಗಿದ್ದ ರಾಣಿಯನ್ನು ಹಿಡಿದು ಸೆರೆಯಲ್ಲಿಟ್ಟರು. ಅವಳು ಸೆರೆಯಲ್ಲೇ ತೀರಿಹೋದಳು. ರಾಜರೆಂದ ಮೇಲೆ ಯುದ್ಧ ಮಾಡೋದೇ, ಅದರಲ್ಲೇನು ತಪ್ಪು ಅಂತ ನಮ್ಮ ಕ್ಲಾಸಿನ ಒಬ್ಬ ಕೇಳಿದ. ಯುದ್ಧ ಸರಿ ಅಂತಲೇ ಇಟ್ಟುಕೊಳ್ಳೋಣ, ವಯಸ್ಸಾದವಳನ್ನು ಸೆರೆಯಲ್ಲಿ ಇಡಬಾರದಿತ್ತು ಅಂತ ನನಗೆ ಅನಿಸುತ್ತದೆ. ಕೆಳದಿಯವರು ಒಳ್ಳೇ ಕೆಲಸ ಎಷ್ಟೋ ಮಾಡಿದ್ದಾರೆ, ಇದು ಮಾತ್ರ ಅದರಲ್ಲಿ ಸೇರಲ್ಲ.

1623 ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವಾದಿಂದ ಪೋರ್ಚುಗೀಸರ ರಾಯಭಾರಿ ಜೊತೆ ಇದೇ ದಾರಿಯಲ್ಲಿ ಬಂದ. ಅಷ್ಟು ಹೊತ್ತಿಗಾಗಲೇ ಗೇರುಸೊಪ್ಪೆಯ ಅರಮನೆ ಬಿದ್ದು ಮರಗಳು ಬೆಳೆದಿದ್ದವು. ಅವರು ಘಟ್ಟ ಹತ್ತಿ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಹತ್ತಿರ ಹೋದರು. ಈಗ ಮೆಣಸು ಇದ್ದದ್ದು ಅವನ ಕೈಯಲ್ಲಿ.