ನ್ಯೂಯಾರ್ಕಿನಲ್ಲಿ ದೊರೆತ ಕೊಠಡಿ ಬರೋಡದಲ್ಲಿ ದೊರೆಯಲಿಲ್ಲ

ವಿದೇಶಕ್ಕೆ ಓದಲು ಹೊರಡುವ ವಿದ್ಯಾರ್ಥಿಗೆ ಪ್ರವೇಶ ಖಚಿತವಾದ ಬೆನ್ನಲ್ಲೇ ಎದುರಾಗುವ ಚಿಂತೆ ವಸತಿಯದು. ಡಾ. ಬಿ.ಆರ್. ಅಂಬೇಡ್ಕರ್ ಅವರಿಗೂ ಅದು ತಪ್ಪಲಿಲ್ಲ. ಅವರ ವಿದ್ಯಾರ್ಥಿ ಜೀವನವನ್ನು ಪದವಿಗಳ ಪಟ್ಟಿಯಾಗಿ ಹೇಳುವುದೇ ರೂಢಿ. ಅವರು ತಂಗಿದ ಕೊಠಡಿಗಳ ಜಾಡು ಹಿಡಿದರೆ ಕಾಣುವ ಬದುಕೇ ಬೇರೆ.

1913ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಅವರಿಗೆ ತಿಂಗಳಿಗೆ 11.50 ಪೌಂಡ್‌ನಂತೆ ಮೂರು ವರ್ಷಗಳ ವಿದ್ಯಾರ್ಥಿವೇತನ ನೀಡಿದರು. ಓದು ಮುಗಿಸಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. ಅದೇ ಜುಲೈನಲ್ಲಿ 22 ವರ್ಷದ ಅಂಬೇಡ್ಕರ್ ನ್ಯೂಯಾರ್ಕ್ ತಲುಪಿ, ಕೊಲಂಬಿಯಾ ವಿಶ್ವವಿದ್ಯಾಲಯದ ಹಾರ್ಟ್ಲಿ ಹಾಲ್ ವಿದ್ಯಾರ್ಥಿನಿಲಯ ಸೇರಿದರು. ಅಲ್ಲಿನ ಅರೆಬೆಂದ ಅಡುಗೆ, ಗೋಮಾಂಸದ ಊಟ ಒಗ್ಗಲಿಲ್ಲ. ಕೆಲವೇ ದಿನಗಳಲ್ಲಿ ಭಾರತೀಯ ವಿದ್ಯಾರ್ಥಿಗಳಿದ್ದ ಕಾಸ್ಮೋಪಾಲಿಟನ್ ಕ್ಲಬ್‌ಗೆ ವಾಸ್ತವ್ಯ ಬದಲಿಸಿದರು. ಕೊನೆಗೆ ನೆಲೆ ನಿಂತದ್ದು ಲಿವಿಂಗ್‌ಸ್ಟನ್ ಹಾಲ್‌ನಲ್ಲಿ, ನವಲ್ ಭಥೇನಾ ಎಂಬ ಪಾರ್ಸಿ ಯುವಕನೊಂದಿಗೆ. ಆ ಸ್ನೇಹ ಬದುಕಿನುದ್ದಕ್ಕೂ ಉಳಿಯಿತು. ಊಟದ ಕಟ್ಟಳೆ ಕಾಡಿರಬಹುದು. ಆದರೆ ಜಾತಿ ಕೇಳಿ ಬಾಗಿಲು ಮುಚ್ಚುವವರು ಅಲ್ಲಿರಲಿಲ್ಲ.

1916ರಲ್ಲಿ ಲಂಡನ್‌ಗೆ ತೆರಳಿದರೂ ವಿದ್ಯಾರ್ಥಿವೇತನದ ಅವಧಿ ಮುಗಿದು ಮರುವರ್ಷವೇ ಮರಳಬೇಕಾಯಿತು. ಕರಾರಿನಂತೆ ಬರೋಡಕ್ಕೆ ಹೋದರೆ ತಂಗಲು ಜಾಗವಿಲ್ಲ! ಹಿಂದೂ ವಸತಿಗೃಹಗಳು ಅಸ್ಪೃಶ್ಯನಿಗೆ ಕೊಠಡಿ ಕೊಡುತ್ತಿರಲಿಲ್ಲ. ಪಾರ್ಸಿಗಳ ತಂಗುದಾಣವೊಂದರಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಉಳಿದರು. ಬೇರೆ ಅತಿಥಿಗಳಿಲ್ಲದ ಮಹಡಿ, ಸುತ್ತ ಹಳೆಯ ಸಾಮಾನುಗಳ ರಾಶಿ, ಮಂಕು ಲಾಂದ್ರದ ಬೆಳಕು. ಪುಸ್ತಕವೇ ಸಂಗಾತಿ. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಹನ್ನೆರಡು ಮಂದಿ ಪಾರ್ಸಿಗಳು ಮಹಡಿ ಏರಿ ಬಂದು, ಸಂಜೆಯೊಳಗೆ ಖಾಲಿ ಮಾಡುವಂತೆ ಬೆದರಿಸಿದರು. ಒಬ್ಬ ಹಿಂದೂ ಹಾಗೂ ಒಬ್ಬ ಕ್ರೈಸ್ತ ಪರಿಚಿತರ ಮನೆಯಲ್ಲೂ ಆಸರೆ ಸಿಗಲಿಲ್ಲ. ಊರಿನ ಉದ್ಯಾನದಲ್ಲಿ ಗಂಟೆಗಟ್ಟಲೆ ಕುಳಿತು, ರಾತ್ರಿಯ ರೈಲಿನಲ್ಲಿ ಮುಂಬೈಗೆ ಮರಳಿದರು. ಮುಂದೆ ಬರೆದ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಈ ಪ್ರಸಂಗವನ್ನು ಅವರು ವಿವರವಾಗಿ ದಾಖಲಿಸಿದ್ದಾರೆ. ಆ ಅಪಮಾನದ ನೆನಪು ಅವರನ್ನು ಬಿಡಲಿಲ್ಲ.

ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಕೂಡಿಟ್ಟ ಹಣಕ್ಕೆ ಕೊಲ್ಲಾಪುರದ ಶಾಹು ಮಹಾರಾಜರ ನೆರವು, ಭಥೇನಾ ಕೊಟ್ಟ ಸಾಲ ಸೇರಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ ಸೇರಿದರು. ಬಾಡಿಗೆ ಕೊಠಡಿಯ ಒಡತಿ ಬಡಿಸುತ್ತಿದ್ದ ಊಟ ಅರೆಹೊಟ್ಟೆಗೂ ಸಾಲದು. ತಡರಾತ್ರಿ ಓದುವಾಗ ಹಸಿವಾದರೆ, ಪರಿಚಿತರು ಕೊಟ್ಟ ಹಪ್ಪಳವನ್ನು ತಗಡಿನ ಮೇಲೆ ಸುಟ್ಟು ತಿನ್ನುತ್ತಿದ್ದರು. ಆದರೆ ಹೊರಹಾಕುವ ಭಯವಿರಲಿಲ್ಲ. ಅಲ್ಲಿಂದಲೇ ಡಿಎಸ್ಸಿ ಪದವಿಯನ್ನೂ ಬ್ಯಾರಿಸ್ಟರ್ ಪಟ್ಟವನ್ನೂ ಗಳಿಸಿದರು.

1921-22ರಲ್ಲಿ ಅವರು ವಾಸವಿದ್ದ ಕಿಂಗ್ ಹೆನ್ರೀಸ್ ರಸ್ತೆಯ 10ನೇ ಸಂಖ್ಯೆಯ ಮನೆಯನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಖರೀದಿಸಿ ಸ್ಮಾರಕವಾಗಿಸಿತು. ವಾಸದ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಬದಲಿಸಲು ಕ್ಯಾಮ್ಡೆನ್ ಸ್ಥಳೀಯಾಡಳಿತ ಅನುಮತಿ ನಿರಾಕರಿಸಿದ್ದರಿಂದ ವಿವಾದ ಬ್ರಿಟನ್ ಸರ್ಕಾರದ ಮುಂದೆ ಹೋಯಿತು. 2020ರ ಮಾರ್ಚ್‌ನಲ್ಲಿ ಅನುಮತಿ ದೊರೆಯಿತು.